ದೇವೀರಕ್ಕನ ಜ್ವರ

ನಮ್ಮೂರಿನಲ್ಲಿ ಯಾರಿಗೂ ಜ್ವರ ಬರುವುದಿಲ್ಲ. ಬೇರೆ ಊರಿನವರು ಇದನ್ನು ಕೇಳಿದ ಕೂಡಲೇ ನೀವು ಪುಣ್ಯವಂತರು ಎನ್ನುತ್ತಾರೆ. ಉಳಿದದ್ದನ್ನು ಹೇಳುವಷ್ಟರಲ್ಲಿ ಅವರ ಬಸ್ಸು ಹೊರಟಿರುತ್ತದೆ. ನಮಗೆ ಗಾಯವಾದರೆ ಕೆಂಪಗಾಗುವುದಿಲ್ಲ, ಊದುವುದಿಲ್ಲ, ಆ ಗಳಿಗೆಯ ಚುರುಕು ಬಿಟ್ಟರೆ ಆಮೇಲೆ ನೋಯುವುದೂ ಇಲ್ಲ. ಗಾಯದ ಸುತ್ತ ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅಷ್ಟೆ. ಅದು ಯಾರದಾದರೂ ಕಣ್ಣಿಗೆ ಬಿದ್ದು, ಆ ಜಾಗವನ್ನು ಕೆರೆದು ತೆಗೆದು ಸುಟ್ಟರೆ ಮನುಷ್ಯ ಬದುಕಿಕೊಳ್ಳುತ್ತಾನೆ. ಬೀಳದೆ ಹೋದರೆ, ವಾರವೋ ಎರಡು ವಾರವೋ ಕಳೆದು ಒಂದು ದಿನ, ಬೆಳಿಗ್ಗೆ ನಗುನಗುತ್ತಾ ರೊಟ್ಟಿ ತಿಂದವನು ಸಂಜೆಗೆ ಇರುವುದಿಲ್ಲ.

ಅದಕ್ಕೇ ಸಂತೆಯ ಹಿಂದಿನ ದಿನ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ಅದು ನೋಟದ ಹೊತ್ತು. ಕಿಟಕಿಯ ಬೆಳಕಿಗೆ ಒಬ್ಬರ ಮೈಯನ್ನು ಇನ್ನೊಬ್ಬರು ನೆತ್ತಿಯಿಂದ ಅಂಗಾಲಿನ ತನಕ ನೋಡಬೇಕು. ಕಿವಿಯ ಹಿಂದೆ, ಕಂಕುಳು, ಬೆರಳಿನ ಸಂದು, ಒಂದನ್ನೂ ಬಿಡುವಂತಿಲ್ಲ. ಮಕ್ಕಳನ್ನು ತಾಯಿ ನೋಡುತ್ತಾಳೆ. ಗಂಡ ಹೆಂಡಿರು ಒಬ್ಬರನ್ನೊಬ್ಬರು ನೋಡುತ್ತಾರೆ. ಗಂಡ ಸತ್ತವರಿಗೆ ಊರಿನ ಯಜಮಾನರು ಜೊತೆ ಗೊತ್ತು ಮಾಡಿಕೊಡುತ್ತಾರೆ. ಹೆಂಡತಿ ಹತ್ತಿರವಿಲ್ಲದ ಗಂಡಸನ್ನು ಅಣ್ಣತಮ್ಮಂದಿರೋ ಗೆಳೆಯರೋ ನೋಡಬಹುದು. ಗಂಡ ಬದುಕಿರುವ ಹೆಂಗಸನ್ನು ಬೇರೆ ಯಾರೂ ನೋಡುವಂತಿಲ್ಲ, ಹೆತ್ತ ತಾಯಿ ಕೂಡ. ಹಾಗೆ ನೋಡಿದವರನ್ನು ಆಮೇಲೆ ಯಾರೂ ನೋಡದ ಹಾಗೆ, ಅವರೂ ಯಾರನ್ನೂ ನೋಡದ ಹಾಗೆ ಕಟ್ಟು ಮಾಡುತ್ತಾರೆ. ಹೆಣ್ಣು ಕೊಡುವವರು ನಮ್ಮಲ್ಲಿ ಹುಡುಗನ ಹೊಲ ಗದ್ದೆಗಿಂತ ಮೊದಲು ಅವನ ಕಣ್ಣು ಹೇಗಿದೆ ಎಂದು ವಿಚಾರಿಸುತ್ತಾರೆ. ಜಗಳದಲ್ಲಿ ಬಾಯಿಗೆ ಬರುವ ಅತಿ ಕೆಟ್ಟ ಬೈಗುಳ, ನಿನ್ನ ನೋಡೋರಿಲ್ದಂಗಾಗ, ಎನ್ನುವುದು.

ನಮ್ಮದು ಜೊಂಡಿನ ಕಸುಬು. ಕೆರೆಯಿಂದ ಜೊಂಡು ಕೊಯ್ದು ತಂದು, ಸೀಳಿ, ಒಣಗಿಸಿ ಚಾಪೆ ಹೆಣೆಯುತ್ತೇವೆ. ಸೀಳಿದ ಜೊಂಡಿನ ಅಂಚು ಬ್ಲೇಡಿನ ಹಾಗೆ ಕುಯ್ಯುತ್ತದೆ. ಇಂಥ ಮೈ ಇಟ್ಟುಕೊಂಡು ಇಂಥ ಕಸುಬು ಯಾಕೆ ಎಂದು ಕೇಳಿದರೆ, ಕೆರೆ ಇದೆ, ಅದರಲ್ಲಿ ಜೊಂಡು ಬೆಳೆಯುತ್ತದೆ, ಅದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ. ನನ್ನ ಅಕ್ಕ ದೇವೀರಮ್ಮ ಊರಿಗೇ ನಯವಾದ ಚಾಪೆ ಹೆಣೆಯುತ್ತಿದ್ದಳು. ಬಾಣಂತಿಯರಿಗೆ ಅಕ್ಕನ ಕೈಯ ಚಾಪೆಯೇ ಆಗಬೇಕಿತ್ತು. ನಮ್ಮ ತಂದೆ ತಾಯಿ ಒಂದೇ ವರ್ಷದಲ್ಲಿ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿ, ನನಗೆ ಹೊನ್ನಾಜಿಯನ್ನು ಹುಡುಕಿ ಮದುವೆ ಮಾಡಿದವಳೂ ಅವಳೇ.

ಅಕ್ಕನ ಗಂಡ ಬೆಟ್ಟಯ್ಯ. ನೋಡಲು ಲಕ್ಷಣವಾದ ಮನುಷ್ಯ, ಮೆತ್ತನೆ ಮಾತು. ಹಿರಿಯರು ಎದುರಿಗೆ ಬಂದರೆ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಲ್ಲುವವನು. ಅಕ್ಕನ ಮೇಲೆ ಅವನು ಒಂದು ದಿನವೂ ಕೈ ಮಾಡಲಿಲ್ಲ. ಇದನ್ನು ಊರೆಲ್ಲ ಹೇಳುತ್ತಿತ್ತು, ನಾನೂ ಹೇಳುತ್ತಿದ್ದೆ.

ಅವರಿಗೆ ಚಂದ್ರಿ ಎಂಬ ಮಗಳಿದ್ದಳು. ಮಗುವಿನ ಕಿವಿಯೊಳಗೆ ಯಾವುದೋ ಹುಲ್ಲಿನ ಎಳೆ ಹೋಗಿ ಕೂತಿತ್ತಂತೆ. ಕಿವಿಯ ಒಳಗಿನ ಬೂದಿ ಯಾವ ತಾಯಿಯ ಕಣ್ಣಿಗೆ ಕಾಣುತ್ತದೆ? ಮಗು ಮಧ್ಯಾಹ್ನ ತೊಡೆಯ ಮೇಲೆ ಮಲಗಿದ್ದು ಏಳಲೇ ಇಲ್ಲ. ಮಣ್ಣು ಮಾಡಿ ಬಂದ ಮೇಲೆ ಬೆಟ್ಟಯ್ಯ ಎಲ್ಲರ ಎದುರು ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಅಕ್ಕನಿಗೆ ಹೇಳಿದನಂತೆ, "ನಿನ್ ಕಣ್ಣು ಇದ್ದೂ ಇಲ್ದಂಗಾಯ್ತಲ್ಲ. ಈ ವಾರ ನಾನೂ ಕಣ್ಣು ಮುಚ್ಕೊಂಡಿರ್ತೀನಿ, ಹೆಂಗಿರ್ತದೆ ಅಂತ ನೀನೂ ನೋಡು."

ಅಲ್ಲಿಂದ ಶುರುವಾಯಿತು. ಸಾರಿಗೆ ಉಪ್ಪು ಹೆಚ್ಚಾದರೆ ಆ ವಾರ ನೋಟ ಇಲ್ಲ. ತವರಿಗೆ ಹೋಗಿ ಬರಲು ಹೊತ್ತಾದರೆ ನೋಟ ಇಲ್ಲ. ಎದುರು ಮಾತಾಡಿದರೆ, ಅಥವಾ ಮಾತಾಡದೆ ಸುಮ್ಮನೆ ಕೂತರೆ, ಅದಕ್ಕೂ ಇಲ್ಲ. ಬಾಗಿಲು ಮಾತ್ರ ಎಲ್ಲರ ಮನೆಯ ಹಾಗೆ ಸರಿಯಾದ ಹೊತ್ತಿಗೆ ಮುಚ್ಚುತ್ತಿತ್ತು. ಒಳಗೆ ಅಕ್ಕ ಸೀರೆ ಬಿಚ್ಚಿ ಕಿಟಕಿಯ ಹತ್ತಿರ ನಿಂತಿರುತ್ತಿದ್ದಳು. ಬೆಟ್ಟಯ್ಯ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಹೊತ್ತು ಮುಗಿದ ಮೇಲೆ ಎದ್ದು ಬಾಗಿಲು ತೆಗೆಯುತ್ತಿದ್ದ. ಆಮೇಲೆ ಅವಳು ವಾರವೆಲ್ಲ ತನ್ನ ಬೆನ್ನನ್ನು ತಾನೇ ಬೆರಳಲ್ಲಿ ತಡವಿಕೊಳ್ಳುತ್ತಾ, ಇವತ್ತೋ ನಾಳೆಯೋ ಎಂದುಕೊಂಡು ಚಾಪೆ ಹೆಣೆಯುತ್ತಿದ್ದಳು.

ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ದಿನ ಅಕ್ಕ ನಮ್ಮ ಮನೆಗೆ ಬಂದವಳು, ಹೊನ್ನಾಜಿ ಕೊಟ್ಟ ಮಜ್ಜಿಗೆ ಕುಡಿಯುತ್ತಾ, ಯಾರದೋ ಸಂಗತಿ ಹೇಳುವ ಹಾಗೆ ಎಲ್ಲವನ್ನೂ ಹೇಳಿದಳು. ನಾನು ಅಲ್ಲಿಂದಲೇ ಎದ್ದು ಯಜಮಾನರ ಹತ್ತಿರ ಹೋದೆ. ಯಜಮಾನ ತೊರೆಯಪ್ಪನವರು ಬೆಟ್ಟಯ್ಯನನ್ನು ಕರೆಸಿದರು.

"ಏನಪ್ಪ, ಹೆಂಡ್ತಿನ ನೋಡಲ್ವಂತೆ?"

ಬೆಟ್ಟಯ್ಯ ಕೈ ಕಟ್ಟಿಕೊಂಡು ನಿಂತ. "ನಾನ್ಯಾಕೆ ನೋಡಲ್ಲ ಅಂತೀನಿ ಯಜಮಾನ್ರೆ? ಮಗು ಹೋದಾಗಿಂದ ಅವ್ಳಿಗೆ ಮನ್ಸು ನೆಟ್ಟಗಿಲ್ಲ. ಮುಟ್ಟಿದ್ರೆ ಸಿಡುಕ್ತಾಳೆ. ಆದ್ರೂ ನಾನು ಒಂದಿನಾನೂ ತಪ್ಪಿಸ್ದೋನಲ್ಲ. ಬಾಗ್ಲು ಹಾಕೋದು ಬೀದಿಯವ್ರೆಲ್ಲ ನೋಡ್ತಾರಲ್ಲ, ಕೇಳಿ."

ಬೀದಿಯವರು ಹೌದು ಎಂದರು. ಬಾಗಿಲು ಹಾಕಿದ್ದನ್ನು ಅವರು ನೋಡಿದ್ದರು. ತೊರೆಯಪ್ಪನವರು ನನ್ನ ಕಡೆ ತಿರುಗಿ, "ಗಂಡ ಹೆಂಡ್ರ ಮಧ್ಯ ಹೋಗ್ಬೇಡ ಮುದ್ದಯ್ಯ" ಎಂದರು. ಅವನು ಒಂದು ಸಲ, ನಾನು ನೋಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಅಕ್ಕನಿಗೆ ಬೇರೆ ಜೊತೆ ಗೊತ್ತು ಮಾಡಬಹುದಿತ್ತು. ಅದು ಅವನಿಗೂ ಗೊತ್ತಿತ್ತು.

ಅದೇ ವರ್ಷ ಊರಿಗೆ ಡಾಕ್ಟರ್ ಸೌದಾಮಿನಿ ಬಂದರು. ಚಾಪೆ ಸಂಘದ ಖಾಲಿ ಗೋದಾಮಿನಲ್ಲಿ ಫ್ರಿಜ್ಜು, ಮೈಕ್ರೋಸ್ಕೋಪು ಇಟ್ಟುಕೊಂಡು ಎಲ್ಲರ ರಕ್ತ ತೆಗೆದರು. ಮಾತಾಡುವಾಗ ಎದುರಿನವರ ಕೈ ಹಿಡಿದುಕೊಳ್ಳುವ ಅಭ್ಯಾಸ ಅವರಿಗೆ. ನಮ್ಮ ತಣ್ಣನೆ ಕೈ ಮುಟ್ಟಿದಾಗಲೆಲ್ಲ ಒಂದು ಸಲ ಬೆಚ್ಚುತ್ತಿದ್ದರು. ಕೆಲವು ತಿಂಗಳ ಮೇಲೆ ನಮ್ಮನ್ನೆಲ್ಲ ಗೋದಾಮಿನ ಮುಂದೆ ಕೂರಿಸಿ ವಿಷಯ ಹೇಳಿದರು.

"ನಿಮ್ಮೆಲ್ಲರ ಮೈಯಲ್ಲೂ ಒಂದು ವೈರಸ್ ಇದೆ. ತಾಯಿಯಿಂದ ಮಗುವಿಗೆ ಬರತ್ತೆ. ಅದು ನಿಮ್ಮನ್ನ ಕೊಲ್ಲಲ್ಲ, ತಾನೂ ಸಾಯಲ್ಲ, ಜೀವ ಇರೋ ತನಕ ಒಳಗೇ ಇರತ್ತೆ. ಮಾಮೂಲಿಯಾಗಿ ಒಂದು ಜೀವಕೋಶದೊಳಗೆ ವೈರಸ್ ನುಗ್ಗಿದ್ರೆ ಆ ಕೋಶ ಕೂಗ್ಕೊಳ್ಳತ್ತೆ. ಅಕ್ಕಪಕ್ಕದ ಕೋಶಗಳು ಅದನ್ನ ಕೇಳಿ ಬಾಗಿಲು ಭದ್ರ ಮಾಡ್ಕೊಳ್ತವೆ. ಕಾವಲಿನ ಕೋಶಗಳು ಓಡಿ ಬರ್ತವೆ, ಮೈ ಬಿಸಿಯಾಗತ್ತೆ. ಜ್ವರ ಅಂದ್ರೆ ಅದೇ. ನಿಮ್ಮ ವೈರಸ್ ಏನು ಮಾಡಿದೆ ಅಂದ್ರೆ, ಆ ಮೊದಲನೇ ಕೂಗೇ ಹೊರಡದ ಹಾಗೆ ಕೋಶದ ಬಾಯಿ ಕಟ್ಟಿದೆ. ಕಟ್ಟಿದ್ದು ತಾನು ಉಳಿಯೋದಕ್ಕೆ. ಆದ್ರೆ ಮುಳ್ಳು ಚುಚ್ಚಿ ಬೇರೆ ಕ್ರಿಮಿ ಒಳಗೆ ಬಂದಾಗ್ಲೂ ಬಾಯಿ ಕಟ್ಟೇ ಇರತ್ತೆ. ಅದಕ್ಕೇ ನಿಮ್ಮ ಮೈ ನಿಮಗೆ ಏನನ್ನೂ ಹೇಳಲ್ಲ."

ಹೆಂಗಸರ ಸಾಲಿನಿಂದ ಅಕ್ಕ ಹೇಳಿದಳು, "ಬಾಯಿ ಕಟ್ಟೋದು ಅಂದ್ರೆ ಏನು ಅಂತ ನಂಗೊತ್ತು ಬುಡಿ. ಬಿಚ್ಚಕ್ಕೆ ಏನಾರ ಐತಾ?"

ಇತ್ತು. ಇಂಟರ್ಫೆರಾನ್ ಎಂಬ ಔಷಧ. ಕೋಶಗಳು ಕೂಗಬೇಕಾದ ಕೂಗನ್ನೇ ಸೂಜಿಯಲ್ಲಿ ಮೈಗೆ ಹಾಕುವುದು ಎಂದು ಡಾಕ್ಟರು ಹೇಳಿದರು. ಈ ವೈರಸ್ಸಿಗೆ ಅದನ್ನು ಎಲ್ಲೂ ಕೊಟ್ಟು ನೋಡಿಲ್ಲ, ಮೈಕೈ ನೋವು ಬರಬಹುದು, ಸುಸ್ತಾಗಬಹುದು, ಬೇಡ ಅನಿಸಿದ ದಿನ ನಿಲ್ಲಿಸಬಹುದು ಎಂದೂ ಹೇಳಿದರು. ಮುಚ್ಚಿಟ್ಟು ಏನೂ ಹೇಳಲಿಲ್ಲ. ಅವರಿಗೇ ಗೊತ್ತಿಲ್ಲದ್ದನ್ನು ಹೇಗೆ ಹೇಳಿಯಾರು?

ಮೊದಲು ಎದ್ದವಳು ಅಕ್ಕ. ಬೆಟ್ಟಯ್ಯ ಅಡ್ಡ ಬರುತ್ತಾನೆ ಎಂದು ನಾನು ತೋಳು ಏರಿಸಿಕೊಂಡು ಹೋಗಿದ್ದೆ. ಅವನು ನಕ್ಕುಬಿಟ್ಟ. "ಹಾಕಿಸ್ಕೊಳ್ಲಿ ಭಾವಮೈದ. ಅವ್ಳಿಗೆ ಒಳ್ಳೇದಾದ್ರೆ ನಂಗೇನು ಬ್ಯಾಡ್ವಾ?" ಅವನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ.

ಸೂಜಿ ಹಾಕಿಸಿಕೊಂಡ ಮರುದಿನ ಅಕ್ಕನಿಗೆ ಜ್ವರ ಬಂತು. ಊರಿನಲ್ಲಿ ಬದುಕಿದ್ದ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಅವಳು ಮೂರು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು, ನಡುಗುತ್ತಾ ನಗುತ್ತಿದ್ದಳು. ಕೆನ್ನೆ ಕೆಂಪಗೆ, ಕಣ್ಣು ಹೊಳೆಯುತ್ತಾ, ಮದುವೆಯ ದಿನವೂ ನಾನು ಅವಳನ್ನು ಅಷ್ಟು ಚೆಂದ ಕಂಡಿರಲಿಲ್ಲ. ನನ್ನ ಕೈ ಎಳೆದು ಹಣೆಯ ಮೇಲೆ ಇಟ್ಟುಕೊಂಡಳು. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹಾಗಿತ್ತು.

"ಹೆಂಗೈತೆ ಅಕ್ಕ?" ಎಂದೆ.

"ಒಳಗೆ ಯಾರೋ ಎದ್ದವ್ರೆ ಕಣೋ ಮುದ್ದ. ಇಷ್ಟ್ ದಿನ ಖಾಲಿ ಮನೇಲಿದ್ದಂಗಿತ್ತು. ಈಗ ಮನೆ ತುಂಬ ಜನ ಓಡಾಡ್ದಂಗೈತೆ."

ಹೆಂಗಸರು ಸಾಲುಗಟ್ಟಿ ಬಂದು ಅವಳ ಹಣೆ ಮುಟ್ಟಿ ನೋಡಿದರು. ಕುಂಬಾರಗೇರಿಯ ಒಬ್ಬ ಅಜ್ಜಿ ಮುಟ್ಟಿದ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಅತ್ತಳು. ನಾಲ್ಕು ದಿನದಲ್ಲಿ ನಡುಕ ನಿಂತು ಹಿತವಾದ ಕಾವು ಮಾತ್ರ ಉಳಿಯಿತು. ಜೊಂಡು ಸೀಳುವಾಗ ಅಕ್ಕನ ಬೆರಳು ಕುಯ್ದಿತು. ಸಂಜೆಗೆ ಆ ಬೆರಳು ಕೆಂಪಗಾಗಿ, ಊದಿ, ಪಟಪಟ ಎಂದು ಮಿಡಿಯತೊಡಗಿತು. ಅವಳು ಅದನ್ನು ಎತ್ತಿ ಹಿಡಿದುಕೊಂಡು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ತೋರಿಸಿಕೊಂಡು ಬಂದಳು. "ನೋಯ್ತಾ ಐತೆ ಕಣ್ರವ್ವ! ಎಲ್ಲಿ ಅಂತ ಅದೇ ಹೇಳ್ತಾ ಐತೆ!"

ಆ ವಾರ ನೋಟದ ಹೊತ್ತಿಗೆ ಅಕ್ಕ ಮನೆಯೊಳಗೆ ಹೋಗಲಿಲ್ಲ. ನಾನು ನಮ್ಮ ಕಿಟಕಿಯ ಹತ್ತಿರ ಅಂಗಿ ಬಿಚ್ಚಿ ನಿಂತಿದ್ದೆ. ಹೊನ್ನಾಜಿ ನನ್ನ ಬೆನ್ನು ನೋಡುತ್ತಿದ್ದಳು. ಊರೆಲ್ಲ ಸದ್ದಿಲ್ಲದೆ ಬಿದ್ದಿತ್ತು. ಆಗ ಕಿಟಕಿಯ ಸಂದಿಯಲ್ಲಿ ಅಕ್ಕ ಕಂಡಳು. ಬೀದಿಯ ನಟ್ಟನಡುವೆ, ತಲೆಗೆ ಹೂ ಮುಡಿದು, ಕೈ ಬೀಸಿಕೊಂಡು ಒಬ್ಬಳೇ ನಡೆಯುತ್ತಿದ್ದಳು. ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. ಕೆರೆಯ ತನಕ ಹೋಗಿ ಬಂದಳು, ಮತ್ತೆ ಹೋದಳು. ಹೊನ್ನಾಜಿ ನನ್ನ ಬೆನ್ನು ಬಿಟ್ಟು ಬಂದು ಕಿಟಕಿಗೆ ಮುಖ ಇಟ್ಟಳು. ಎಲ್ಲ ಮನೆಗಳ ಕಿಟಕಿಯಲ್ಲೂ ಮುಖಗಳಿದ್ದಿರಬೇಕು. ಬೆಟ್ಟಯ್ಯನ ಮನೆಯ ಬಾಗಿಲು ತೆರೆದೇ ಇತ್ತು. ಅವನು ಜಗುಲಿಯಲ್ಲಿ ಕೂತು ಅವಳು ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದ.

ಆಮೇಲೆ ಗೋದಾಮಿನ ಮುಂದೆ ಸಾಲು ಬೆಳೆಯಿತು. ತಮ್ಮನ್ನು ನೋಡುವವರ ಕಣ್ಣು ಮುಪ್ಪಿನಿಂದ ಮಂಜಾದವರು, ಗಂಡ ಸತ್ತು ಸೊಸೆಯ ಕೈಗೆ ಸಿಕ್ಕಿಬಿದ್ದ ಅತ್ತೆಯರು, ಹಾಗೇ ಅತ್ತೆಯ ಕೈಗೆ ಸಿಕ್ಕಿಬಿದ್ದ ಸೊಸೆಯರು. ಡಾಕ್ಟರು ಕೆಲವರನ್ನು ಮಾತ್ರ ಆರಿಸಿಕೊಂಡರು. ಅಕ್ಕ ದಿನವೂ ಅಲ್ಲಿಗೆ ಹೋಗಿ ಬಂದವರಿಗೆ ಧೈರ್ಯ ಹೇಳುತ್ತಿದ್ದಳು. ನಾನು ಹೊನ್ನಾಜಿಗೂ ನಮ್ಮ ಇಬ್ಬರು ಮಕ್ಕಳಿಗೂ ಹಾಕಿಸಬೇಕೆಂದು ಹೋಗಿ ಕೇಳಿದೆ. ಡಾಕ್ಟರು ಸ್ವಲ್ಪ ತಡೆಯಿರಿ ಎಂದರು.

ತಡೆದದ್ದೇ ಒಳ್ಳೆಯದಾಯಿತು ಎಂದು ಈಗ ಹೇಳಬೇಕು. ಹೇಳಲು ನಾಲಿಗೆ ಏಳುವುದಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಅಕ್ಕನ ಕಾವು ಹೆಚ್ಚಾಯಿತು. ಗಾಯ ಯಾವುದೂ ಇರಲಿಲ್ಲ, ಜ್ವರ ಇತ್ತು. ಬೆಳಿಗ್ಗೆ ಏಳುವಾಗ ಬೆರಳಿನ ಗೆಣ್ಣುಗಳು ಊದಿಕೊಂಡು ಮಡಿಸಲು ಆಗುತ್ತಿರಲಿಲ್ಲ. ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬರುತ್ತಿತ್ತು. ಊಟ ಸೇರದೆ, ನಿದ್ದೆ ಹತ್ತದೆ, ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅರ್ಧ ಹೆಣೆದ ಚಾಪೆ ಅಟ್ಟ ಸೇರಿತು. ಡಾಕ್ಟರು ರಕ್ತ ನೋಡಿ ಮುಖ ಸಪ್ಪೆ ಮಾಡಿಕೊಂಡು ನನ್ನನ್ನೂ ಅಕ್ಕನನ್ನೂ ಒಳಗೆ ಕರೆದು ಕೂರಿಸಿದರು.

"ವೈರಸ್ ನಿಮ್ಮೊಳಗೆ ಎಲ್ಲೋ ಒಂದು ಮೂಲೇಲಿ ಇದೆ ಅಂದ್ಕೊಂಡಿದ್ದೆ ದೇವೀರಮ್ಮ. ಹಾಗಿಲ್ಲ. ನಾನು ತೆಗೆದು ನೋಡಿದ ಕಡೆಯೆಲ್ಲ ಇದೆ. ಇಷ್ಟು ವರ್ಷ ನಿಮ್ಮ ಮೈ ಅದರ ಜೊತೆ ರಾಜಿ ಮಾಡ್ಕೊಂಡು ಬದುಕಿತ್ತು. ಈಗ ಕಾವಲಿನವರು ಎದ್ದಿದಾರೆ. ಎದ್ದು ನೋಡಿದ್ರೆ ಪ್ರತಿ ಮನೇಲೂ ಕಳ್ಳ. ಅವರು ಮನೆಗಳನ್ನೇ ಸುಡ್ತಾ ಇದಾರೆ. ನಿಲ್ಲಿಸಬೇಕು."

"ನಿಲ್ಸಿದ್ರೆ?"

"ಜ್ವರ ಇಳಿಯತ್ತೆ. ನೋವು ಕಡಿಮೆಯಾಗತ್ತೆ."

"ಆಮೇಲೆ ಗಾಯ ಆದ್ರೆ ಗೊತ್ತಾಯ್ತದಾ?"

ಡಾಕ್ಟರು ಅಕ್ಕನ ಕೈ ಹಿಡಿದುಕೊಂಡರು. ಈ ಸಲ ಬೆಚ್ಚಲಿಲ್ಲ, ಕೈ ಬಿಸಿಯಾಗಿತ್ತು. "ಇಲ್ಲ. ಮೊದಲಿನ ಹಾಗೇ."

"ಹಂಗಾದ್ರೆ ನಿಲ್ಲಿಸ್ಬೇಡಿ. ನೋವು ನಂದು ತಾನೆ? ನಾನು ತಡ್ಕೊಳ್ತೀನಿ."

"ಹೀಗೇ ಹೋದ್ರೆ ನೀವು ಉಳಿಯಲ್ಲಮ್ಮ."

"ಹೋಗ್ಲಿ ಬುಡಿ. ಗೊತ್ತಾಗಿ ಸಾಯ್ತೀನಿ."

ಡಾಕ್ಟರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರು ಏನು ಯೋಚಿಸಿದರೋ. ಆ ವಾರವೇ ಸೂಜಿ ಹಾಕಿಸಿಕೊಂಡಿದ್ದ ಕುಂಬಾರಗೇರಿಯ ಅಜ್ಜಿ ಉರಿಯುತ್ತಾ ಉರಿಯುತ್ತಾ ತೀರಿಕೊಂಡಳು. ಆಮೇಲೆ ಯೋಚನೆ ಮಾಡುವುದಕ್ಕೂ ಏನೂ ಉಳಿಯಲಿಲ್ಲ. ಮೇಲಿನವರಿಂದ ಅಪ್ಪಣೆ ಬಂತು, ಗೋದಾಮು ಖಾಲಿಯಾಯಿತು. ಫ್ರಿಜ್ಜನ್ನು ವ್ಯಾನಿಗೆ ಏರಿಸುವಾಗ ಅಕ್ಕ ಅಲ್ಲಿಗೆ ಹೋಗಿ ಡಾಕ್ಟರ ಸೆರಗು ಹಿಡಿದಳು. "ಒಂದ್ ಚುಚ್ಚಿ ಹೋಗಿ ತಾಯಿ. ಒಂದೇ ಒಂದು." ಡಾಕ್ಟರು ಸೆರಗು ಬಿಡಿಸಿಕೊಳ್ಳಲಿಲ್ಲ, ಔಷಧವನ್ನೂ ಕೊಡಲಿಲ್ಲ. ಸುಮ್ಮನೆ ಅಳುತ್ತಾ ನಿಂತರು. ಕೊನೆಗೆ ನಾನೇ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಊದಿದ ಬೆರಳುಗಳು, ಬಿಡಿಸುವಾಗ ನೋವಿಗೆ ಅವಳು ಹಲ್ಲು ಕಚ್ಚಿದಳು.

ಅಲ್ಲಿಂದ ಅಕ್ಕ ಗಂಡನ ಮನೆಗೆ ಹೋಗಲಿಲ್ಲ, ನಮ್ಮ ಮನೆಗೆ ಬಂದಳು. ಹದಿನೈದು ದಿನದಲ್ಲಿ ಜ್ವರ ಇಳಿಯುತ್ತಾ ಬಂತು. ಅವಳು ದಿನವೂ ಬೆಳಿಗ್ಗೆ ನನ್ನನ್ನು ಕೂಗಿ ಹಣೆ ಮುಟ್ಟಿಸುತ್ತಿದ್ದಳು.

"ಇನ್ನೂ ಒಸಿ ಬಿಸಿ ಐತಲ್ವಾ?"

"ಐತೆ ಅಕ್ಕ."

"ನಿನ್ನೆಗಿಂತ ಕಮ್ಮಿಯಾ?"

"ಅಷ್ಟೇ ಐತೆ."

ಹಣೆ ಹಿತ್ತಲಿನ ಕಲ್ಲಿನ ಹಾಗೆ ತಣ್ಣಗಾದ ಮೇಲೂ ನಾನು ಐತೆ ಎನ್ನುತ್ತಲೇ ಇದ್ದೆ. ಒಂದು ದಿನ ಅವಳೇ ಕರೆಯುವುದನ್ನು ನಿಲ್ಲಿಸಿದಳು. ಬೆರಳುಗಳ ಊತ ಇಳಿದಿತ್ತು, ಆದರೆ ಅವು ಹಕ್ಕಿಯ ಉಗುರಿನ ಹಾಗೆ ಸೊಟ್ಟಗೆ ಉಳಿದವು. ಚಾಪೆ ಹೆಣೆಯುವ ಕೈ ಹೋಯಿತು. ಕೂತು ತಿನ್ನುವುದು ಅವಳಿಗೆ ಒಗ್ಗದು. ಕೆರೆಯಿಂದ ಜೊಂಡಿನ ಕಟ್ಟು ಹೊರುವ ಕೆಲಸ ಹಿಡಿದಳು. ಕಟ್ಟನ್ನು ಬೆನ್ನಿಗೆ ಹಾಕಿಕೊಂಡು ಹಗ್ಗವನ್ನು ಹಣೆಗೆ ಕೊಟ್ಟು ದಿನಕ್ಕೆ ಎಷ್ಟೋ ಸಲ ಹೋಗಿ ಬರುತ್ತಿದ್ದಳು. ಬೇಡ ಎಂದರೆ ಕೇಳುತ್ತಿರಲಿಲ್ಲ.

ಪ್ರತಿ ವಾರ ನೋಟದ ಹೊತ್ತಿಗೆ ಸ್ವಲ್ಪ ಮುಂಚೆ ಬೆಟ್ಟಯ್ಯ ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿದ್ದ. ಸ್ನಾನ ಮಾಡಿ ಒಗೆದ ಪಂಚೆ ಉಟ್ಟಿರುತ್ತಿದ್ದ. ಜಗುಲಿ ಹತ್ತುತ್ತಿರಲಿಲ್ಲ. ಬೀದಿಯವರಿಗೆಲ್ಲ ಕೇಳುವ ಹಾಗೆ, ಆದರೆ ಮೆತ್ತಗೆ, "ದೇವೀರಿ, ಬಾ, ಹೊತ್ತಾಯ್ತು. ನೋಡ್ತೀನಿ ಬಾ" ಎಂದು ಕರೆಯುತ್ತಿದ್ದ. ಅಕ್ಕ ಒಳಗೆ ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು. ಅವನು ಇನ್ನೊಂದು ಸಲ ಕರೆದು, ಸ್ವಲ್ಪ ಹೊತ್ತು ನಿಂತು, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಎದುರು ಮನೆಯವರು, "ಇಂಥ ಗಂಡನ್ನ ಪಡೆಯಕ್ಕೂ ಪುಣ್ಯ ಮಾಡಿರ್ಬೇಕು" ಎಂದು ನಮಗೆ ಕೇಳುವ ಹಾಗೆ ಹೇಳುತ್ತಿದ್ದರು.

ಒಂದು ಸಲ ಹೊನ್ನಾಜಿಯೇ ತಡೆಯಲಾರದೆ ಹೇಳಿದಳು. "ಹೋಗಿ ಬನ್ನಿ ಅತ್ತಿಗೆ. ಅವನ ಮುಖ ನೋಡ್ಬೇಡಿ. ಬೆನ್ನು ತಿರುಗಿಸ್ಕೊಂಡು ನಿಂತ್ಕೊಳಿ. ಜೀವ ಉಳೀಲಿ."

ಅಕ್ಕ ಸಿಟ್ಟಾಗಲಿಲ್ಲ. "ಅವನು ನೋಡಿ, ಏನೂ ಇಲ್ಲ ಅಂತಾನೆ ಅಂತಿಟ್ಕೋ. ಏನೂ ಇಲ್ಲ ಅಂತ ನಾನು ಹೆಂಗೆ ನಂಬ್ಲಿ ಹೊನ್ನಾ? ಅಲ್ಲಿ ನಿಂತು ನಂಬ್ದೆ ಬದುಕೋದ್ಕಿಂತ ಇಲ್ಲಿ ನೋಡಿಸ್ಕೊಳ್ದೆ ಇರೋದೇ ವಾಸಿ."

"ಹಂಗಾದ್ರೆ ಬಾಗ್ಲು ಹಾಕ್ತೀನಿ. ನಾನೇ ನೋಡ್ತೀನಿ. ಯಾರಿಗೆ ಗೊತ್ತಾಯ್ತದೆ?"

"ನಾನು ಒಳಗಿದ್ದಂಗೆ ಬಾಗ್ಲು ಹಾಕಿದ್ರೆ ಸಾಕು ಅಂತ ಎದುರುಮನೆಯೋಳು ದಿನಾ ನಮ್ಮ ಬಾಗ್ಲೇ ಕಾಯ್ತಾ ಕೂತವ್ಳೆ. ನಾಳೆ ನಿನ್ ಮಕ್ಳನ್ನ ನೀನು ನೋಡ್ಬಾರ್ದು ಅಂತ ಕಟ್ಟು ಮಾಡಿದ್ರೆ? ಬ್ಯಾಡ. ಒಂದು ಮಗೀನ ಕಳ್ಕೊಂಡಿದ್ದು ಸಾಕು ಈ ಮನೆತನಕ್ಕೆ."

ನಾನು ಮತ್ತೊಂದು ಸಲ ತೊರೆಯಪ್ಪನವರ ಹತ್ತಿರ ಹೋದೆ. ಅವರು ನನ್ನನ್ನು ಕೂರಿಸಿ ಕಾಫಿ ಕೊಡಿಸಿದರು. "ಗಂಡ ವಾರವಾರ ಬಂದು ಕರೀತಾವ್ನೆ. ನಾನೇನು ಅಂತ ನ್ಯಾಯ ಹೇಳ್ಲಿ? ಆ ಸೂಜಿ ಜ್ವರ ತಲೆಗೇರೈತೆ ನಿಮ್ಮಕ್ಕಂಗೆ. ಬುದ್ಧಿ ಹೇಳಿ ಕಳ್ಸು." ಕಾಫಿಯನ್ನು ಅಲ್ಲೇ ಬಿಟ್ಟು ಬಂದೆ. ಅಷ್ಟು ಬಿಟ್ಟು ನಾನು ಇನ್ನೇನು ಮಾಡಬಲ್ಲವನಾಗಿದ್ದೆ? ತಮ್ಮನಾದವನು ಅಕ್ಕನ ಬೆನ್ನು ನೋಡುವುದನ್ನು ಈ ಊರು ಊಹಿಸಿಕೊಳ್ಳಲೂ ಆರದು. ಸತ್ಯ ಹೇಳಬೇಕೆಂದರೆ ನಾನೂ ಆರೆ.

ಅಕ್ಕ ಆ ವರ್ಷದ ಚಳಿಗಾಲ ದಾಟಿದಳು. ಅವಳು ಚೆನ್ನಾಗಿಯೇ ಕಾಣುತ್ತಿದ್ದಳು, ನಮ್ಮೂರಿನಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಹೊನ್ನಾಜಿ ಬಟ್ಟೆ ಒಗೆಯುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, ನಮ್ಮ ಚಿಕ್ಕ ಮಗಳಿಗೆ ಕಿವಿ ಚುಚ್ಚಿಸುವ ಮಾತು ಎತ್ತಿದ್ದಳಂತೆ. ಚುಚ್ಚಿಸಬೇಡಿ, ಎರಡು ತೂತಿಗೆ ವಾರವೆಲ್ಲ ಕಾವಲು ಕೂರಬೇಕು ಎಂದಳಂತೆ. ಹೊನ್ನಾಜಿ ಹೂಂ ಎಂದು ಬಟ್ಟೆ ಹಿಂಡಿ ತಿರುಗಿದಾಗ ಅಕ್ಕ ಗೋಡೆಗೆ ಒರಗಿ ಕೂತೇ ಇದ್ದಳು. ಅವರೆಕಾಯಿ ಮಡಿಲಲ್ಲಿತ್ತು.

ಮೈ ತೊಳೆಯುವ ಹೆಂಗಸರ ಜೊತೆ ಹೊನ್ನಾಜಿಯೂ ಒಳಗೆ ಹೋದಳು. ಸತ್ತ ಮೇಲೆ ಯಾರು ಬೇಕಾದರೂ ನೋಡಬಹುದು. ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಸಿದಳು. "ಎಡಗಡೆ ಹೆಗಲಿನ ಹಿಂದೆ. ಕಟ್ಟು ಕೂರೋ ಜಾಗ. ಜೊಂಡಿನ ಒಂದು ಚೂರು ಹೊಕ್ಕೈತೆ, ಸುತ್ತ ಅಂಗೈ ಅಗಲ ಬೂದಿ. ಅವ್ರ ಕೈ ಅಲ್ಲಿಗೆ ನಿಲುಕ್ತಿರ್ಲಿಲ್ಲ. ನಂಗೆ ಒಂದು ಗಳಿಗೆ ಸಾಕಾಗಿತ್ತು, ಒಂದೇ ಒಂದು ಗಳಿಗೆ. ರವಿಕೆ ಕಿತ್ತು ನೋಡ್ಬೇಕಾಗಿತ್ತು" ಎಂದು ಹಣೆ ಚಚ್ಚಿಕೊಂಡಳು.

ಬೆಟ್ಟಯ್ಯ ಬಂದು ಎಲ್ಲ ಕರ್ಮವನ್ನೂ ಕ್ರಮವಾಗಿ ಮಾಡಿದ. ಅವನು ಅತ್ತದ್ದು ನಿಜ. ನನ್ನನ್ನು ತಬ್ಬಿಕೊಂಡು, "ಒಂದ್ ಸಲ ಬಂದಿದ್ರೆ ಸಾಕಿತ್ತಲ್ಲ ಭಾವಮೈದ" ಎಂದ. ಸುತ್ತಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ನಾನು ಅವನ ತೋಳುಗಳನ್ನು ತಳ್ಳಿಬಿಟ್ಟೆ. ಅದು ನನ್ನ ಒರಟುತನ ಎಂದು ಊರು ಇವತ್ತಿಗೂ ಮಾತಾಡಿಕೊಳ್ಳುತ್ತದೆ.

ವರ್ಷ ತುಂಬುವ ಮೊದಲೇ ಅವನಿಗೆ ಹೆಣ್ಣು ಕೊಡುವವರು ಮೇಲೆ ಬಿದ್ದು ಬಂದರು. ಕೆರೆಯಾಚೆ ಕೇರಿಯ ಕೆಂಪಣ್ಣ ಎಂಬವನು ಪದ್ಧತಿಯಂತೆ ಮೊದಲ ಹೆಂಡತಿಯ ತವರಿನಲ್ಲಿ ವಿಚಾರಿಸಲು ನಮ್ಮ ಮನೆಗೆ ಬಂದ. ಮಗಳನ್ನೂ ಕರೆದುಕೊಂಡು ಬಂದಿದ್ದ. ಹುಡುಗಿಯ ಹೆಸರು ಗಂಗಾಜಿ. ಜಗುಲಿಯ ಅಂಚಿನಲ್ಲಿ ಸೆರಗು ಹೊದ್ದು ಕೂತಳು. ಕೆಂಪಣ್ಣ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ, "ಹೆಂಗೆ, ನೋಡ್ತಿದ್ನಾ ನಿಮ್ಮಕ್ಕನ್ನ?"

ನಾನು ಎಲ್ಲವನ್ನೂ ಹೇಳಿದೆ. ಉಪ್ಪು ಹೆಚ್ಚಾದ ವಾರಗಳು, ಮುಚ್ಚಿದ ಬಾಗಿಲು, ಗೋಡೆಗೆ ಒರಗಿ ಹಾಕಿಕೊಂಡ ಎಲೆ ಅಡಿಕೆ, ಕಿಟಕಿಯ ಹತ್ತಿರ ನಿಂತ ಅಕ್ಕ. ಸಿಟ್ಟು ಮಾಡದೆ, ಒಂದನ್ನೂ ಹೆಚ್ಚು ಕಮ್ಮಿ ಮಾಡದೆ ಹೇಳಿದೆ. ಹೊನ್ನಾಜಿ ಬಾಗಿಲಲ್ಲಿ ನಿಂತು, "ಹೂಂ ಕಣಣ್ಣ, ನಿಜ" ಎಂದಳು.

ಕೆಂಪಣ್ಣ ಕೊನೆಯ ತನಕ ಕೇಳಿಸಿಕೊಂಡ. ಆಮೇಲೆ ಎಲೆಯನ್ನು ಮಡಿಸಿ ಬಾಯಿಗಿಟ್ಟ. "ನಿಮ್ಮ ಸಂಕಟ ನಂಗರ್ಥ ಆಯ್ತದೆ. ಆದ್ರೆ ಅವ್ನು ವಾರವಾರ ಈ ಬಾಗ್ಲಿಗೆ ಬಂದು ಕರೆದಿದ್ನ ನಾನೇ ಕಿವಿಯಾರ ಕೇಳಿವ್ನಿ. ಒಂದ್ ವಾರ ತಪ್ಪಿಸ್ಲಿಲ್ಲ. ಅಂಥೋನು ನನ್ ಮಗಳ್ನ ಬುಡ್ತಾನಾ?"

"ಕರೆಯೋದು ಬ್ಯಾರೆ, ನೋಡೋದು ಬ್ಯಾರೆ ಕಣಪ್ಪ."

"ಇರ್ಲಿ ಬುಡಿ" ಎಂದು ಅವನು ಎದ್ದ. ನೀರು ಕುಡಿದು ಬರುತ್ತೇನೆ ಎಂದು ಒಳಗಿನ ಹಂಡೆಯ ಕಡೆ ಹೋದ.

ಹುಡುಗಿ ಅಲ್ಲಿಯ ತನಕ ತಲೆ ಎತ್ತಿರಲಿಲ್ಲ. ಅಪ್ಪ ಅತ್ತ ಹೋದದ್ದೇ ನನ್ನ ಕಡೆ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು, "ಆ ಡಾಕ್ಟರಮ್ಮ ಮತ್ತೆ ಬರ್ತಾರಾ ಅಣ್ಣ?"

"ಬರಲ್ಲವ್ವ" ಎಂದೆ.

ಕೆಂಪಣ್ಣ ಬಾಯಿ ಒರೆಸಿಕೊಂಡು ಬಂದ. ಇಬ್ಬರೂ ಕೆರೆಯ ಏರಿಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು ಹೋದರು. ಎರಡು ವಾರದಲ್ಲಿ ಮದುವೆಯಾಯಿತು. ಊರೆಲ್ಲ ಉಂಡು ಬಂತು, ನಾವು ಹೋಗಲಿಲ್ಲ. ಆಮೇಲಿನ ನೋಟದ ಮಧ್ಯಾಹ್ನ ನಾನು ಅಂಗಿ ಬಿಚ್ಚುವ ಮೊದಲು ಕಿಟಕಿಯಲ್ಲಿ ಇಣುಕಿ ನೋಡಿದೆ. ಗಂಗಾಜಿ ಬೆಟ್ಟಯ್ಯನ ಮನೆಯ ಹೊಸಿಲಿನಲ್ಲಿ ನಿಂತಿದ್ದಳು. ಬೆಟ್ಟಯ್ಯ ಅವಳಿಗೆ ಮೆತ್ತಗೆ ಏನೋ ಹೇಳಿದ. ಅವಳು ಒಳಗೆ ಹೋದಳು. ಅವನು ಬೀದಿಯ ಎರಡೂ ಕಡೆ ನೋಡಿ, ಎಲ್ಲರಿಗೂ ಕಾಣುವ ಹಾಗೆ ಬಾಗಿಲು ಹಾಕಿಕೊಂಡ.